ಎನಿಡೆಸ್ಕ್ ತೆಗೆದುಹಾಕಿದರೆ ಸಾಕೇ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಇಷ್ಟು: ಮೈಕ್ರೋಸಾಫ್ಟ್‌ನವನು ಎಂದುಕೊಂಡು ಯಾರೋ ಫೋನ್ ಮಾಡಿದ, ನಿಮ್ಮ ತಂದೆಯವರಿಂದ ಎನಿಡೆಸ್ಕ್ (ದೂರದಿಂದಲೇ ಇನ್ನೊಬ್ಬರ ಕಂಪ್ಯೂಟರ್ ನಡೆಸುವ ತಂತ್ರಾಂಶ) ಹಾಕಿಸಿ ಅರ್ಧ ಗಂಟೆ ಕಂಪ್ಯೂಟರಿನೊಳಗೆ ಓಡಾಡಿದ, ದುಡ್ಡಿನ ಮಾತು ಬಂದಾಗ ತಂದೆ ಫೋನ್ ಇಟ್ಟರು. ಹಣ ಹೋಗಿಲ್ಲ. ಎನಿಡೆಸ್ಕ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಕೇ?

ಸಾಲದು. ಸದ್ಯಕ್ಕೆ ಅದನ್ನು ಅನ್‌ಇನ್‌ಸ್ಟಾಲ್ ಮಾಡಲೂಬೇಡಿ. ಆ ಅರ್ಧ ಗಂಟೆಯ ದಾಖಲೆ ಇರುವುದು ಅದರಲ್ಲೇ.

ಮೊದಲು ಆ ಕಂಪ್ಯೂಟರಿನ ನೆಟ್ ಕಡಿಯಿರಿ: ಕೇಬಲ್ ಕಿತ್ತುಹಾಕಿ ಅಥವಾ ವೈಫೈ ಆಫ್ ಮಾಡಿ. ಮುಂದಿನ ಪಾಸ್‌ವರ್ಡ್ ಕೆಲಸವೆಲ್ಲ ಬೇರೆ ಸಾಧನದಿಂದಲೇ ಆಗಬೇಕು. ಒತ್ತಿದ ಕೀಗಳನ್ನು ಕದ್ದು ಕಳಿಸುವ ತಂತ್ರಾಂಶವನ್ನು ಅವನು ಬಿಟ್ಟುಹೋಗಿದ್ದರೆ ಹೊಸ ಪಾಸ್‌ವರ್ಡೂ ಅವನ ಕೈಸೇರುತ್ತದೆ. ಶುರು ಮಾಡಬೇಕಾದ್ದು ಬ್ಯಾಂಕಿನಿಂದಲ್ಲ, ಇಮೇಲಿನಿಂದ, ಯಾಕೆಂದರೆ ಉಳಿದ ಖಾತೆಗಳ 'ಪಾಸ್‌ವರ್ಡ್ ಮರೆತಿದ್ದೀರಾ' ಲಿಂಕುಗಳೆಲ್ಲ ಬಂದು ಬೀಳುವುದು ಅಲ್ಲಿಗೇ. ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್‌ಔಟ್ ಮಾಡಿ, ಎರಡು ಹಂತದ ದೃಢೀಕರಣ ಹಾಕಿ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಫಾರ್ವರ್ಡಿಂಗ್, ಫಿಲ್ಟರ್ ಮತ್ತು ರಿಕವರಿ ಫೋನ್ ಸಂಖ್ಯೆ ನೋಡಿ. ಬಹಳ ಜನ ಈ ಮೂರನ್ನು ನೋಡುವುದೇ ಇಲ್ಲ. ಫಾರ್ವರ್ಡಿಂಗ್ ಒಮ್ಮೆ ಕೂತರೆ ಪಾಸ್‌ವರ್ಡ್ ಎಷ್ಟು ಸಲ ಬದಲಿಸಿದರೂ ಮೇಲ್ ಅವನಿಗೆ ಹೋಗುತ್ತಲೇ ಇರುತ್ತದೆ.

ಆಮೇಲೆ ಬ್ಯಾಂಕಿಗೆ ತಿಳಿಸಿ, ಹಣ ಹೋಗದಿದ್ದರೂ. ಫೋನ್ ಸಂಖ್ಯೆಯನ್ನು ಕಾರ್ಡಿನ ಹಿಂಭಾಗದಿಂದ ತೆಗೆದುಕೊಳ್ಳಿ. ನೆಟ್‌ನಲ್ಲಿ ಹುಡುಕಿದರೆ ಸಿಗುವ 'ಕಸ್ಟಮರ್ ಕೇರ್' ಸಂಖ್ಯೆಯೂ ಇಂಥವರದೇ ಆಗಿರಬಹುದು. ಬ್ರೌಸರಿನಲ್ಲಿ ಉಳಿಸಿಟ್ಟ ಪಾಸ್‌ವರ್ಡುಗಳನ್ನು ಒಂದೇ ಫೈಲಾಗಿ ಹೊರತೆಗೆಯಲು ಒಂದು ನಿಮಿಷ ಸಾಕು. ವಿಂಡೋಸ್‌ಗೆ ಪಿನ್ ಇಲ್ಲದಿದ್ದರೆ, ಅಥವಾ ಕೇಳಿದಾಗ ತಂದೆಯೇ ಪಿನ್ ಒತ್ತಿಕೊಟ್ಟಿದ್ದರೆ, ಅವೆಲ್ಲ ಹೋದವು ಎಂದೇ ಲೆಕ್ಕ ಹಿಡಿಯಿರಿ.

ಈಗ ಕಂಪ್ಯೂಟರಿಗೆ ಬನ್ನಿ. ಪ್ರೋಗ್ರಾಂಡೇಟಾ ಮತ್ತು ಆ್ಯಪ್‌ಡೇಟಾ, ಈ ಎರಡರಲ್ಲೂ ಎನಿಡೆಸ್ಕ್ ಫೋಲ್ಡರ್ ಇದೆಯೇ ನೋಡಿ (ಎರಡೂ ಅಡಗಿಸಿಟ್ಟ ಫೋಲ್ಡರುಗಳು, 'ಹಿಡನ್ ಐಟಮ್ಸ್' ಆನ್ ಮಾಡಬೇಕು). ಅದರಲ್ಲಿ 'ಕನೆಕ್ಷನ್ ಟ್ರೇಸ್' (connection_trace) ಎಂಬ ಟೆಕ್ಸ್ಟ್ ಫೈಲಿನಲ್ಲಿ ಯಾವ ಐಡಿಯಿಂದ, ಎಷ್ಟು ಹೊತ್ತಿಗೆ ಒಳಬಂದರು ಎಂಬುದು ಇರುತ್ತದೆ. ಪೊಲೀಸ್ ದೂರಿಗೂ ಬೇಕಾಗುವುದರಿಂದ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ನಕಲು ಮಾಡಿಕೊಳ್ಳಿ. ಫೋನಿನ ಕಾಲ್ ಲಾಗ್ ಜೊತೆ ಹೊತ್ತನ್ನು ತಾಳೆ ನೋಡಿ. ಕರೆ ಮುಗಿದ ಮೇಲೂ ಸಂಪರ್ಕ ಕಂಡರೆ, ಯಾರೂ ಒಪ್ಪಿಗೆ ಒತ್ತದೆಯೇ ಒಳಬರುವ ಪಾಸ್‌ವರ್ಡನ್ನು ಅವನು ಹೊಂದಿಸಿಟ್ಟಿರಬಹುದು.

ಹಾಕಿದ್ದು ಎನಿಡೆಸ್ಕ್ ಒಂದೇ ಇರಲಿಕ್ಕಿಲ್ಲ. ಕಣ್ಣಿಗೆ ಕಾಣುವಂತೆ ಒಂದು, ಹಿಂದಿನಿಂದ ಸದ್ದಿಲ್ಲದೆ ಸ್ಕ್ರೀನ್‌ಕನೆಕ್ಟ್‌ನಂಥ ಇನ್ನೊಂದು: ಇದು ಇವರ ಮಾಮೂಲು ವರಸೆ. ಇನ್‌ಸ್ಟಾಲ್ ಆದ ಆ್ಯಪ್‌ಗಳನ್ನು ದಿನಾಂಕದ ಪ್ರಕಾರ ಜೋಡಿಸಿ ನೋಡಿ. ಇನ್‌ಸ್ಟಾಲ್ ಇಲ್ಲದೆ ಓಡುವವು ಆ ಪಟ್ಟಿಗೆ ಬರುವುದಿಲ್ಲ, ಹಾಗಾಗಿ ಡೌನ್‌ಲೋಡ್ಸ್ ಫೋಲ್ಡರನ್ನೂ ನೋಡಬೇಕು. ಟಾಸ್ಕ್ ಮ್ಯಾನೇಜರಿನ ಸ್ಟಾರ್ಟಪ್ ಪಟ್ಟಿ, ಟಾಸ್ಕ್ ಶೆಡ್ಯೂಲರ್, ಹೊಸ ಬಳಕೆದಾರರ ಖಾತೆ, ಬ್ರೌಸರ್ ಎಕ್ಸ್‌ಟೆನ್ಷನ್: ಇವೂ ಅಡಗುತಾಣಗಳೇ.

'ಆ್ಯಂಟಿವೈರಸ್ ಓಡಿಸಿದೆ, ಏನೂ ಸಿಗಲಿಲ್ಲ' ಎಂದು ನೆಮ್ಮದಿಯಾಗಿರಬೇಡಿ. ರಿಮೋಟ್ ತಂತ್ರಾಂಶಗಳು ವೈರಸ್ ಅಲ್ಲ, ಕಚೇರಿಗಳಲ್ಲಿ ನಿತ್ಯ ಬಳಸುವ ಸಾಚಾ ಸಾಮಾನುಗಳು. ಆ್ಯಂಟಿವೈರಸ್ ಅವನ್ನು ಹಿಡಿಯದೆಯೇ ಬಿಡಬಹುದು. ಅದಕ್ಕೇ, ಅರ್ಧ ಗಂಟೆ ಅಪರಿಚಿತನ ಕೈಯಲ್ಲಿದ್ದ ಕಂಪ್ಯೂಟರನ್ನು ನಾನಾದರೆ ಹುಡುಕಿ ಹುಡುಕಿ ಶುಚಿ ಮಾಡುತ್ತ ಕೂರುವುದಿಲ್ಲ. ಫೋಟೊ, ಕಡತಗಳನ್ನು ಮಾತ್ರ ಹೊರಗಿನ ಡ್ರೈವಿಗೆ ಹಾಕಿಕೊಳ್ಳಿ, ಪ್ರೋಗ್ರಾಂ ಒಂದನ್ನೂ ಬೇಡ. ಬೇರೆ ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿಯ ಖಾಲಿ ಪೆನ್‌ಡ್ರೈವಿಗೆ ವಿಂಡೋಸ್ ಇನ್‌ಸ್ಟಾಲರ್ ಹಾಕಿ, ಅದರಿಂದ ಬೂಟ್ ಮಾಡಿ, ಹಳೆಯ ಪಾರ್ಟಿಶನ್‌ಗಳನ್ನು ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡಿ.

ತಂದೆಯವರನ್ನು ಬೈಯಬೇಡಿ. ಅವರಿಗೆ ತೋರಿಸಿದ್ದೆಲ್ಲ ನಿಜವಾಗಿಯೂ ಪರದೆಯ ಮೇಲಿತ್ತು. ಸುಳ್ಳಿದ್ದದ್ದು ಅದಕ್ಕೆ ಕೊಟ್ಟ ಅರ್ಥದಲ್ಲಿ. ನಿಮ್ಮ ಕಂಪ್ಯೂಟರಿನಲ್ಲೇ ಈವೆಂಟ್ ವ್ಯೂವರ್ (ವಿಂಡೋಸ್ ತನ್ನೊಳಗೆ ನಡೆದದ್ದನ್ನು ಬರೆದಿಡುವ ಪಟ್ಟಿ; ಇವರು ಇದನ್ನೇ ತೋರಿಸಿ ವೈರಸ್ ಎಂದು ಹೆದರಿಸುತ್ತಾರೆ) ತೆರೆದು ತೋರಿಸಿ: ಕೆಂಪು, ಹಳದಿ ಗುರುತುಗಳು ಅಲ್ಲೂ ರಾಶಿ ಬಿದ್ದಿರುತ್ತವೆ, ಅವು ಮಾಮೂಲು ದಾಖಲೆಗಳು. ಕಮಾಂಡ್ ಪ್ರಾಂಪ್ಟಿನಲ್ಲಿ 'ಅಸೋಕ್' (assoc) ಆದೇಶ ಕೊಟ್ಟು, 888 ಡಿಸಿಎ 60 ಎಂದು ಶುರುವಾಗುವ ಉದ್ದದ ಸಂಖ್ಯೆಯನ್ನು ಓದಿ, 'ಇದು ನಿಮ್ಮ ಲೈಸೆನ್ಸ್ ಐಡಿ, ನಮ್ಮಲ್ಲೂ ಇದೆ' ಎನ್ನುವುದು ಇನ್ನೊಂದು ಆಟ. ಆ ಸಂಖ್ಯೆ ಎಲ್ಲ ವಿಂಡೋಸ್‌ನಲ್ಲೂ ಒಂದೇ.

ಮತ್ತೆ ಫೋನ್ ಬರಬಹುದು, ಈ ಸಲ 'ರಿಫಂಡ್' ಕೊಡುತ್ತೇವೆಂದು. ಬ್ಯಾಂಕ್ ಪುಟ ತೆರೆಸಿ, ಪರದೆ ಕಪ್ಪು ಮಾಡಿ, ಬಾಕಿ ಮೊತ್ತದಲ್ಲಿ ಸೊನ್ನೆ ಸೇರಿಸಿ, 'ತಪ್ಪಿ ಹೆಚ್ಚು ಬಂತು, ಉಳಿದದ್ದು ಗಿಫ್ಟ್ ಕಾರ್ಡಿನಲ್ಲಿ ವಾಪಸ್ ಕೊಡಿ' ಎಂದು ಗೋಗರೆಯುತ್ತಾರೆ. ಬ್ರೌಸರಿನಲ್ಲಿ ತಿದ್ದಿದ ಅಂಕಿ ಪುಟ ರಿಲೋಡ್ ಮಾಡಿದರೆ ಮಾಯವಾಗುತ್ತದೆ. ಆದರೆ ಅಷ್ಟಕ್ಕೇ ನಿಲ್ಲಬೇಡಿ: ತಂದೆಯವರದೇ ಠೇವಣಿ ಅಥವಾ ಇನ್ನೊಂದು ಖಾತೆಯಿಂದ ಹಣ ಸರಿಸಿದ್ದರೆ ರಿಲೋಡ್ ಆದ ಮೇಲೂ ಮೊತ್ತ ಹಾಗೇ ಇರುತ್ತದೆ. ಆಗ ವಹಿವಾಟಿನ ವಿವರ ತೆರೆದು, ಹಣ ಬಂದದ್ದು ಯಾವ ಖಾತೆಯಿಂದ ಎಂದು ನೋಡಿ.