ಸ್ಪೈಡರ್‌ಮ್ಯಾನ್‌ನ ಕಪ್ಪು ಅಂಗಿ, ರಾಬಿನ್‌ನ ಉದ್ದ ಪ್ಯಾಂಟು

ಕಳೆದ ಸಂಚಿಕೆಯಲ್ಲಿ, ಕಾಮಿಕ್ಸ್ ವೀರರ ವೇಷದ ಬಗ್ಗೆ ಏನು ಬೇಕಾದರೂ ಕೇಳಿ ಎಂದಿದ್ದೆ. ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಶಿರಸಿಯಿಂದಲೂ ಪತ್ರ ಬಂದಿವೆ. ಜಾಸ್ತಿ ಜನ ಕೇಳಿದ್ದು ವೇಷ ಬದಲಾಯಿಸಿದ ವೀರರ ಬಗ್ಗೆ. ಹಾಗಾಗಿ ಈ ಸಲ ಪೂರ್ತಿ ಅದೇ.

ಪ್ರಶ್ನೆ: ಹಳೆಯ ವೇಷ ಬಿಟ್ಟು ಹೊಸದು ಹಾಕಿದವರಲ್ಲಿ ನಿಮಗೆ ತುಂಬಾ ಇಷ್ಟವಾದವರು ಯಾರು? ಒಂದೇ ಹೆಸರು ಹೇಳಬೇಕು. (ಶಿರಸಿಯಿಂದ ಒಬ್ಬ ಓದುಗ)

ಉತ್ತರ: ಸ್ಪೈಡರ್‌ಮ್ಯಾನ್. ಅವನ ಕಪ್ಪು ವೇಷ. 1962ರಲ್ಲಿ ಸ್ಟೀವ್ ಡಿಟ್ಕೊ ಬರೆದ ಮೊದಲ ವೇಷ ನೆನಪಿಸಿಕೊಳ್ಳಿ. ಕೆಂಪು, ನೀಲಿ, ಕೆಂಪಿನ ತುಂಬಾ ಬಲೆಯ ಗೆರೆ, ಕಂಕುಳಲ್ಲೂ ಬಲೆ. ಅದೂ ಅದ್ಭುತವೇ. ಆದರೆ 1984ರಲ್ಲಿ ಅಷ್ಟನ್ನೂ ಒರೆಸಿ ಹಾಕಿ ಮೈಯೆಲ್ಲ ಕಪ್ಪು ಮಾಡಿದರು. ಎದೆಯ ಮೇಲೆ ದೊಡ್ಡ ಬಿಳಿ ಜೇಡ, ಅದರ ಕಾಲುಗಳು ಪಕ್ಕೆ ಬಳಸಿ ಬೆನ್ನಿಗೆ ಹೋಗುತ್ತವೆ. ಕಣ್ಣು ಬಿಳಿ, ಅಂಗೈಯ ಹಿಂಬದಿಗೆ ಬಿಳಿ ತುಂಡು. ಅಷ್ಟೇ, ಬೇರೇನೂ ಇಲ್ಲ.

ಇದು ಹುಟ್ಟಿದ್ದು ಒಬ್ಬ ಓದುಗನ ಪತ್ರದಿಂದ! ಅಮೆರಿಕದ ಒಬ್ಬ ಹುಡುಗ ಸ್ಪೈಡರ್‌ಮ್ಯಾನ್‌ಗೆ ಕಪ್ಪು ವೇಷ ಹಾಕಿಸಿದರೆ ಹೇಗೆ ಎಂದು ಅವನ ಕಾಮಿಕ್ಸ್ ಪ್ರಕಟಿಸುವ ಮಾರ್ವೆಲ್ ಕಂಪನಿಗೆ ಬರೆದಿದ್ದ. ಆಗಿನ ಪ್ರಧಾನ ಸಂಪಾದಕ ಜಿಮ್ ಶೂಟರ್ 220 ಡಾಲರ್ ಕೊಟ್ಟು ಆ ಯೋಚನೆಯನ್ನು ಕೊಂಡುಕೊಂಡರು. ಅವನು ಹೇಳಿದ್ದು ಕೆಂಪು ಜೇಡ. ಚಿತ್ರಕಾರರಾದ ಮೈಕ್ ಝೆಕ್ ಮತ್ತು ರಿಕ್ ಲಿಯೊನಾರ್ಡಿ ಕೈಗೆ ಬಂದು ಅದು ಬಿಳಿಯಾಯಿತು, ದೊಡ್ಡದಾಯಿತು. ಪತ್ರಗಳಿಗೆ ಉತ್ತರ ಬರೆಯುವ ನನಗೆ ಈ ಸಂಗತಿ ಎಷ್ಟು ಸಲ ಓದಿದರೂ ಖುಷಿ ಕೊಡುತ್ತದೆ.

ನೀವು ಶಿರಸಿಯವರು, ಹೋಳಿಯ ಹೊತ್ತಿಗೆ ಎರಡು ವರ್ಷಕ್ಕೊಮ್ಮೆ ಬರುವ ಬೇಡರ ವೇಷ ನೋಡಿಯೇ ಇರುತ್ತೀರಿ. ರಾತ್ರಿ, ಬೀದಿ ತುಂಬಾ ಜನ, ತಮಟೆ ಸದ್ದು, ಆ ಗದ್ದಲದಲ್ಲಿ ಮುಖ ಕಾಣುವ ಮೊದಲೇ ಬೆನ್ನಿನ ನವಿಲುಗರಿಯ ಆಕಾರ ಕಂಡು ಬೇಡ ಬಂದ ಎಂದು ಮಕ್ಕಳು ಅಮ್ಮನ ಹಿಂದೆ ಸರಿಯುತ್ತಾರೆ, ಅಲ್ವಾ? ನಾನು ಕಾಮಿಕ್ಸ್ ವೇಷವನ್ನು ಅಳೆಯುವುದೂ ಹಾಗೆಯೇ. ದೂರದಿಂದ, ಕತ್ತಲಲ್ಲಿ, ಇವನೇ ಎಂದು ಗೊತ್ತಾಗಬೇಕು. ಕಪ್ಪು ವೇಷದಲ್ಲಿ ಆ ಬಿಳಿ ಜೇಡ ಒಂದೇ ಸಾಕು.

ಇನ್ನೊಂದು ಕಾರಣ ಇದೆ, ನನಗೆ ಅದೇ ದೊಡ್ಡದು. ಆ ಬಟ್ಟೆ ಬಟ್ಟೆಯೇ ಅಲ್ಲ, ಜೀವ ಇರುವ ವಸ್ತು ಎಂದು ಆಮೇಲೆ ಗೊತ್ತಾಗುತ್ತದೆ. ಪೀಟರ್, ಅಂದರೆ ವೇಷದೊಳಗಿನ ಸ್ಪೈಡರ್‌ಮ್ಯಾನ್, ಅದನ್ನು ಕಿತ್ತು ಹಾಕುತ್ತಾನೆ. 1988ರಲ್ಲಿ ಅದೇ ಬೇರೊಬ್ಬನ ಮೈಗೆ ಅಂಟಿ ವೆನಮ್ ಆಗಿ ತಿರುಗಿ ಬರುತ್ತದೆ. ಬಿಟ್ಟ ಬಟ್ಟೆಯೇ ಶತ್ರುವಾಗಿ ಬಾಗಿಲಿಗೆ ಬಂದು ನಿಲ್ಲುವುದು! ವೇಷ ಬದಲಾದದ್ದೇ ಕಥೆಯಾಗುವುದು ಎಂದರೆ ಇದು.

ಪ್ರಶ್ನೆ: ಯಕ್ಷಗಾನದಲ್ಲಿ ಪಾತ್ರಕ್ಕೆ ಇಂಥದ್ದೇ ವೇಷ ಎಂಬ ಕಟ್ಟುಪಾಡು ಇದೆ. ಬದಲಾಯಿಸಿದರೆ ನಮಗೆ ಸಿಟ್ಟು ಬರುತ್ತದೆ. ಕಾಮಿಕ್ಸ್‌ನಲ್ಲಿ ಮಾತ್ರ ಯಾಕೆ ಒಪ್ಪಬೇಕು? (ಹೊನ್ನಾವರದಿಂದ ನಿವೃತ್ತ ಶಿಕ್ಷಕರು)

ಉತ್ತರ: ಸಾರ್, ಒಳ್ಳೆಯ ಪ್ರಶ್ನೆ. ಅಭಿಮನ್ಯು ತಲೆಗೆ ಕಟ್ಟುವ ಕೇದಗೆ ಮುಂದಲೆ ಬಿಟ್ಟು ಬಂದರೆ ನನಗೂ ಸಿಟ್ಟು ಬರುತ್ತದೆ. ಆದರೆ ಆ ವೇಷ ಒಂದೇ ದಿನ ಹುಟ್ಟಿದ್ದಲ್ಲ, ಎಷ್ಟೋ ತಲೆಮಾರಿನ ಕೈಗಳಲ್ಲಿ ತಿದ್ದಿ ತಿದ್ದಿ ಹದಕ್ಕೆ ಬಂದದ್ದು. ಕಾಮಿಕ್ಸ್‌ನಲ್ಲಿ ಆ ತಿದ್ದುವ ಕೆಲಸ ನಮ್ಮ ಕಣ್ಣೆದುರೇ ಅಚ್ಚಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಐರನ್ ಮ್ಯಾನ್ 1963ರಲ್ಲಿ ಬಂದಾಗ ಬೂದು ಬಣ್ಣದ ಕಬ್ಬಿಣದ ಡಬ್ಬಿಯ ಹಾಗಿದ್ದ. ಮುಂದಿನ ಕಥೆಯಲ್ಲೇ, ಜನ ನೋಡಿ ಹೆದರುತ್ತಾರೆ ಎಂದು ಚಿನ್ನದ ಬಣ್ಣ ಬಳಿದುಕೊಂಡ. ಅದೇ ವರ್ಷದ ಕೊನೆಗೆ ಕೆಂಪು ಮತ್ತು ಚಿನ್ನದ ತೆಳು ಕವಚ ಬಂತು. ಇವತ್ತಿಗೂ ನಮ್ಮ ತಲೆಯಲ್ಲಿರುವುದು ಆ ಬಣ್ಣವೇ.

ಡೇರ್‌ಡೆವಿಲ್ ಇನ್ನೂ ಒಳ್ಳೆಯ ಉದಾಹರಣೆ. ಹೆಸರಲ್ಲೇ ಡೆವಿಲ್ ಇದೆ, ತಲೆಯ ಮೇಲೆ ಕೊಂಬಿದೆ. ಆದರೂ 1964ರಲ್ಲಿ ಬಂದಾಗ ಮೈಮೇಲೆ ಜಾಸ್ತಿ ಇದ್ದದ್ದು ಹಳದಿ. ಏಳನೇ ಸಂಚಿಕೆಯಲ್ಲಿ, 1965ರಲ್ಲಿ, ಚಿತ್ರಕಾರ ವಾಲಿ ವುಡ್ ಅಡಿಯಿಂದ ಮುಡಿಯವರೆಗೆ ಕೆಂಪು ಮಾಡಿದರು. ಯಕ್ಷಗಾನದಲ್ಲಿ ರಾಕ್ಷಸರ ಬಣ್ಣದ ವೇಷ ರಂಗಸ್ಥಳಕ್ಕೆ ಬಂದ ಕೂಡಲೇ, ಮಾತು ಶುರುವಾಗುವ ಮೊದಲೇ, ಇವನು ಎಂಥವನು ಎಂದು ತಿಳಿಯುತ್ತದಲ್ಲ, ಹಾಗಾಯಿತು. ನಡುವೆ ಬೇರೆ ವೇಷ ಹಾಕಿಸಿ ನೋಡಿದರು. ತಿರುಗಿ ಕೆಂಪಿಗೇ ಬಂದರು. ಹದ ಸಿಕ್ಕಿದ ಮೇಲೆ ಅಲ್ಲೂ ಕಟ್ಟುಪಾಡು ಹುಟ್ಟಿತು ಸಾರ್.

ಪ್ರಶ್ನೆ: ಸೂಪರ್‌ಮ್ಯಾನ್ ಕೆಂಪು ಚಡ್ಡಿ ಹೊರಗೆ ಹಾಕುವುದು ಬೇಕಾ, ಬೇಡ್ವಾ? (ಕುಮಟಾದಿಂದ ಪಿಯುಸಿ ವಿದ್ಯಾರ್ಥಿ)

ಉತ್ತರ: ಬೇಕು. 1938ರಲ್ಲಿ ಓದುಗರಿಗೆ ಅದು ಸರ್ಕಸ್ಸಿನ ಬಲಶಾಲಿಗಳ ಉಡುಪು, ನೋಡಿದರೆ ಗೌರವ ಬರುವಂಥದ್ದು. 2011ರಲ್ಲಿ ತೆಗೆದರು. ಎದೆಯಿಂದ ಬೂಟಿನವರೆಗೆ ಬಹುಪಾಲು ನೀಲಿ, ನಡುವೆ ಕಣ್ಣು ನಿಲ್ಲಲು ಜಾಗವೇ ಇಲ್ಲ. 2018ರಲ್ಲಿ, ಆ್ಯಕ್ಷನ್ ಕಾಮಿಕ್ಸ್‌ನ 1000ನೇ ಸಂಚಿಕೆಗೆ, ಮತ್ತೆ ಬಂತು.

ಪ್ರಶ್ನೆ: ನಾನು ಕಾರವಾರದಲ್ಲಿ ನೌಕಾಪಡೆಯ ಸಮವಸ್ತ್ರ ನೋಡುತ್ತಲೇ ಬೆಳೆದವಳು. ಹೆಣ್ಣು ಸೂಪರ್‌ಹೀರೋಗಳಿಗೆ ಮಾತ್ರ ಈಜುಡುಗೆ ಯಾಕೆ? ಸರಿಯಾದ ಬಟ್ಟೆ ಯಾರಿಗಾದರೂ ಸಿಕ್ಕಿದೆಯಾ? (ಕಾರವಾರದಿಂದ ಒಬ್ಬ ಓದುಗಿ)

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದು. ಮಾರ್ವೆಲ್‌ನ ಸೂಪರ್‌ಹೀರೋ ಕ್ಯಾರೊಲ್ ಡ್ಯಾನ್ವರ್ಸ್ ಕಥೆಯಲ್ಲಿ ಅಮೆರಿಕದ ವಾಯುಪಡೆಯ ಪೈಲಟ್. 1978ರಿಂದ ವರ್ಷಗಟ್ಟಲೆ ಅವಳಿಗೆ ಹಾಕಿಸಿದ್ದು ಏನು ಗೊತ್ತಾ? ಕಪ್ಪು ಈಜುಡುಗೆ, ಸೊಂಟಕ್ಕೆ ಕೆಂಪು ಪಟ್ಟಿ, ತೊಡೆಯವರೆಗೆ ಬೂಟು. ಮಿಂಚಿನ ಗುರುತು ಚೆಂದವಿತ್ತು, ಒಪ್ಪುತ್ತೇನೆ. ಆದರೆ ಅದನ್ನು ನೋಡಿ ಇವಳು ವಿಮಾನ ಹಾರಿಸಿದವಳು ಎಂದು ಯಾರು ಹೇಳುತ್ತಾರೆ?

2012ರಲ್ಲಿ ಅವಳು ಕ್ಯಾಪ್ಟನ್ ಮಾರ್ವೆಲ್ ಆದಾಗ ಜೇಮಿ ಮೆಕೆಲ್ವಿ ಹೊಸ ವೇಷ ಬರೆದರು. ಕತ್ತಿನಿಂದ ಕಾಲಿನವರೆಗೆ ನೀಲಿ, ಕೆಂಪು, ಚಿನ್ನದ ಗೆರೆ, ಎದೆಗೆ ನಕ್ಷತ್ರ. ಪೈಲಟ್‌ಗಳ ಉಡುಪಿನ ಗತ್ತು ಅದರಲ್ಲಿದೆ. ಕೆಲಸಕ್ಕೆ ಹೊರಟವಳ ಬಟ್ಟೆ ಅದು. ಇಷ್ಟು ಸುಲಭದ ಮಾತಿಗೆ 30 ವರ್ಷಕ್ಕಿಂತ ಜಾಸ್ತಿ ಬೇಕಾಯಿತು ಎಂಬುದು ನನಗೂ ಬೇಜಾರಿನ ಸಂಗತಿ.

ಪ್ರಶ್ನೆ: ಬ್ಯಾಟ್‌ಮ್ಯಾನ್ ಕಪ್ಪೋ ನೀಲಿಯೋ? ಮನೆಯಲ್ಲಿ ಜಗಳ ಆಗಿದೆ. (ಭಟ್ಕಳದಿಂದ ಅಣ್ಣ ತಮ್ಮ)

ಉತ್ತರ: ಇಬ್ಬರೂ ಸರಿ. ಹಳೆಯ ಅಗ್ಗದ ಅಚ್ಚಿನಲ್ಲಿ ಕಪ್ಪು ಬಟ್ಟೆಯ ಮೇಲೆ ಬೆಳಕು ಬಿದ್ದದ್ದನ್ನು ನೀಲಿಯಲ್ಲಿ ತೋರಿಸುತ್ತಿದ್ದರು. ಬರುಬರುತ್ತ ಆ ನೀಲಿಯೇ ಬಟ್ಟೆಯ ಬಣ್ಣವಾಯಿತು. 1964ರಲ್ಲಿ ಎದೆಯ ಬಾವಲಿಯ ಸುತ್ತ ಹಳದಿ ಮೊಟ್ಟೆಯಾಕಾರ ಸೇರಿಸಿದರು.

ಅದಿರಲಿ, ಅವನ ಜೊತೆಯ ರಾಬಿನ್ ಬಗ್ಗೆ ಯಾರೂ ಕೇಳಲಿಲ್ಲ. ನಾನೇ ಹೇಳುತ್ತೇನೆ. 1940ರಿಂದ 50 ವರ್ಷ ರಾಬಿನ್ ಹಸಿರು ಚಡ್ಡಿಯಲ್ಲಿ, ತೊಡೆ, ಮೊಣಕಾಲು ತೋರಿಸಿಕೊಂಡು, ಗುಂಡಿನ ಮಳೆಯಲ್ಲಿ ಓಡಾಡಿದ. ರಾಬಿನ್ ವೇಷ ಹಾಕಿದ ಎರಡನೇ ಹುಡುಗ ಜೇಸನ್ ಟಾಡ್, ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್ ಕೈಯಲ್ಲಿ ಸತ್ತ. ಆಮೇಲೆ ಬಂದವನು ಟಿಮ್ ಡ್ರೇಕ್. 1990ರಲ್ಲಿ ಅವನಿಗೆ ನೀಲ್ ಆ್ಯಡಮ್ಸ್ ಬರೆದ ವೇಷದಲ್ಲಿ ಕಾಲು ಪೂರ್ತಿ ಮುಚ್ಚಿದೆ. ಬೆನ್ನ ಮೇಲೆ ಇಳಿಬಿಡುವ ಬಟ್ಟೆ, ಅಂದರೆ ಕೇಪ್, ಹೊರಗೆ ಕಪ್ಪು, ಒಳಗೆ ಹಳದಿ. ಒಬ್ಬ ಹುಡುಗನನ್ನು ಕಳೆದುಕೊಂಡ ಮನೆಯವರು ಇನ್ನೊಬ್ಬನನ್ನು ಹೊರಗೆ ಕಳಿಸುವಾಗ ಹೇಗೆ ಬಟ್ಟೆ ಹಾಕಿಸುತ್ತಾರೋ ಹಾಗಿದೆ ಅದು. ಆ ಉದ್ದ ಪ್ಯಾಂಟು ನೋಡಿದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಪ್ರಶ್ನೆ: ಮಗಳಿಗೆ ಶಾಲೆಯಲ್ಲಿ ವೇಷಭೂಷಣ ಸ್ಪರ್ಧೆ. ಸೂಪರ್‌ಹೀರೋ ಆಗಬೇಕಂತೆ. ಮನೆಯಲ್ಲೇ ಹೊಲಿಯುವಂಥದ್ದು ಹೇಳಿ. (ಅಂಕೋಲಾದಿಂದ ಒಬ್ಬ ತಾಯಿ)

ಉತ್ತರ: 2014ರ ಬ್ಯಾಟ್‌ಗರ್ಲ್. ಕ್ಯಾಮರಾನ್ ಸ್ಟುವರ್ಟ್, ಬ್ಯಾಬ್ಸ್ ಟಾರ್ ಸೇರಿ ಮಾಡಿದ ವೇಷ. ಮೈಗೆ ಅಂಟುವ ರಬ್ಬರ್ ಇಲ್ಲ. ನೇರಳೆ ಜಾಕೆಟ್, ಹಳದಿ ಬೂಟು, ಹಿಂದೆ ಒಂದು ಕೇಪ್. ಎಲ್ಲ ಅಂಗಡಿಯಲ್ಲಿ ಸಿಗುವಂಥದ್ದೇ. ಕಾಮಿಕ್ಸ್‌ನಲ್ಲಿ ಜಾಕೆಟ್ ಚರ್ಮದ್ದು, ಆದರೆ ನಮ್ಮ ಕರಾವಳಿಯ ಸೆಕೆಗೆ ಮಗು ಬೆಂದು ಹೋಗುತ್ತದೆ, ಹತ್ತಿಯ ಬಟ್ಟೆಯಲ್ಲೇ ಹೊಲಿಯಿರಿ. ಕೇಪ್ ಒಳಗೆ ಹಳದಿ ಅಸ್ತರು ಕೊಡಿ, ತಿರುಗಿದಾಗ ಕಾಣಬೇಕು. ಕಿವಿ ನೆಟ್ಟಗೆ ನಿಲ್ಲಲು ಒಳಗೆ ರಟ್ಟು ಸಾಕು. ಕೇಪನ್ನು ಕುತ್ತಿಗೆಗೆ ದಾರ ಕಟ್ಟಿ ಬಿಗಿಯಬೇಡಿ, ಭುಜಕ್ಕೆ ಟಿಚ್ ಬಟನ್ ಹಾಕಿ. ಅವಳ ಕೇಪ್ ಇರುವುದೂ ಹಾಗೆಯೇ, ಯಾರಾದರೂ ಹಿಂದಿನಿಂದ ಎಳೆದರೆ ಕಳಚಿಕೊಳ್ಳುತ್ತದೆ.