ಜೈಲಿನಲ್ಲಿರುವವನಿಗೆ ಇಂಗ್ಲಿಷಿನ ಆಡುಮಾತಿನಲ್ಲಿ ಏನಂತಾರೆ?

ಕನ್ನಡದ ಒಂದು ಕತೆಯನ್ನು ಇಂಗ್ಲಿಷಿಗೆ ಮಾಡುತ್ತಿದ್ದೀರಿ. ಅದರಲ್ಲಿ ಶಿಕ್ಷೆ ಅನುಭವಿಸುತ್ತಿರುವವನಿಗೆ 'ಪ್ರಿಸನರ್' ಅಂದರೆ ತೀರಾ ಪುಸ್ತಕದ ಮಾತಾಗುತ್ತದೆ, ಜನ ಬಾಯಲ್ಲಿ ಆಡುವ ಪದ ಬೇಕು ಅಂತ ಕೇಳಿದ್ದೀರಿ. ನಾನು ಕೋಲಾರದ ಕೋರ್ಟ್ ಹತ್ತಿರ ಇಪ್ಪತ್ತು ವರ್ಷದಿಂದ ಅರ್ಜಿ ಟೈಪ್ ಮಾಡುತ್ತಿದ್ದೇನೆ. ಇಂಥ ಪದಗಳ ಮೇಲೆ ಮೊದಲಿಂದಲೂ ಒಂದು ಕಣ್ಣಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಜಾಸ್ತಿ ಬಳಕೆಯಲ್ಲಿರುವುದು 'ಕಾನ್'. 'ಕನ್ವಿಕ್ಟ್' ಅನ್ನುವುದನ್ನೇ ಮೊಟಕು ಮಾಡಿದ್ದು. ಶಿಕ್ಷೆ ಮುಗಿಸಿ ಬಂದವನು 'ಎಕ್ಸ್-ಕಾನ್'. ಆದರೆ 'ಕಾನ್ ಮ್ಯಾನ್' ಅನ್ನುವಾಗಿನ ಕಾನ್ ಬೇರೆ. ಅದು 'ಕಾನ್ಫಿಡೆನ್ಸ್'ನಿಂದ ಬಂದದ್ದು, ನಂಬಿಸಿ ಟೋಪಿ ಹಾಕುವವನು ಅಂತ. ಇವೆರಡನ್ನು ಕಲಸಬೇಡಿ. ಜೀವಾವಧಿ ಆದವನು 'ಲೈಫರ್'. ಅಮೆರಿಕದ ಜೈಲುಗಳಲ್ಲಿ ಹೊಸದಾಗಿ ಬಂದವನಿಗೆ 'ಫಿಶ್' ಅಂತಾರೆ. ಮತ್ತೆ ಮತ್ತೆ ಒಳಗೆ ಹೋಗಿಬರುವವನು 'ಜೈಲ್‌ಬರ್ಡ್'. ಪಂಜರದ ಹಕ್ಕಿಯ ಹೋಲಿಕೆ ಅದು, ಸುಮಾರು 400 ವರ್ಷ ಹಳೆಯ ಪದ. ಬ್ರಿಟನ್ನಿನಲ್ಲಿ ಅಂಥವನಿಗೇ 'ಓಲ್ಡ್ ಲ್ಯಾಗ್' ಅಂತಲೂ ಅನ್ನುತ್ತಾರೆ. ಕೈದಿಗಳನ್ನು ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಸಾಗಿಸುತ್ತಿದ್ದ ಕಾಲದಲ್ಲಿ, ಹಾಗೆ ಸಾಗಿಸಿದವನನ್ನು 'ಲ್ಯಾಗ್' ಅನ್ನುತ್ತಿದ್ದರು. ಆ ಸಾಗಾಟ 1788ರಿಂದ 1868ರವರೆಗೆ ನಡೆಯಿತು.

ನಿಮ್ಮ ಕತೆಯಲ್ಲಿ 'ಜೈಲಲ್ಲಿ ಮುದ್ದೆ ಮುರೀತಿದ್ದಾನೆ' ಅನ್ನುವ ಮಾತಿದೆ, ಅದನ್ನು ಹೇಗೆ ತರೋದು ಗೊತ್ತಾಗುತ್ತಿಲ್ಲ ಅಂದಿದ್ದೀರಲ್ಲ, ಅದನ್ನು ಓದಿ ನನಗೆ ಬಹಳ ಖುಷಿಯಾಯಿತು. ಯಾಕೆಂದರೆ ಇಂಗ್ಲಿಷಿನಲ್ಲಿ ಅದಕ್ಕೆ ಸರಿಯಾದ ಜೋಡಿ ಇದೆ. ಬ್ರಿಟನ್ನಿನಲ್ಲಿ 'ಡೂಯಿಂಗ್ ಪಾರಿಡ್ಜ್' ಅಂದರೆ ಜೈಲಲ್ಲಿ ಕಾಲ ಕಳೆಯುವುದು. ಅಲ್ಲಿನ ಜೈಲುಗಳಲ್ಲಿ ಬೆಳಗ್ಗೆ ಓಟ್ಸ್ ಗಂಜಿ ಹಾಕುತ್ತಿದ್ದರು. ನಮ್ಮಲ್ಲಿ ರಾಗಿ ಮುದ್ದೆ, ಅವರಲ್ಲಿ ಓಟ್ಸ್ ಗಂಜಿ. ಎರಡೂ ಕಡೆ ಜನ ತಟ್ಟೆ ನೋಡಿಯೇ ಜೈಲಿಗೆ ಹೆಸರಿಟ್ಟಿದ್ದಾರೆ! 'ಡೂಯಿಂಗ್ ಬರ್ಡ್' ಅಂತ ಇನ್ನೊಂದಿದೆ. ಅದರಲ್ಲಿರುವ ಹಕ್ಕಿ ಪಂಜರದ್ದಲ್ಲ. 'ಬರ್ಡ್‌ಲೈಮ್' ಅಂದರೆ ಹಕ್ಕಿ ಹಿಡಿಯುವ ಅಂಟು. ನಾವು ಚಿಕ್ಕವರಿದ್ದಾಗ ಆಲದ ಹಾಲಿನಿಂದ ಮಾಡುತ್ತಿದ್ದೆವಲ್ಲ, ಅಂಥದ್ದು. ಅದು 'ಟೈಮ್'ಗೆ ಪ್ರಾಸ. 'ಡೂಯಿಂಗ್ ಟೈಮ್' ಅಂದರೆ ಶಿಕ್ಷೆ ಅನುಭವಿಸುವುದು, ಆ 'ಟೈಮ್' ಜಾಗಕ್ಕೆ 'ಬರ್ಡ್‌ಲೈಮ್' ಬಂದು, ಅದು ಮೊಟಕಾಗಿ 'ಬರ್ಡ್' ಆಗಿದೆ. ಲಂಡನ್ನಿನ ಜನ ಹೀಗೆ ಪ್ರಾಸ ಹಿಡಿದು ಮಾತು ಕಟ್ಟುತ್ತಾರೆ. 'ಕೃಷ್ಣನ ಜನ್ಮಸ್ಥಾನಕ್ಕೆ ಹೋಗಿದ್ದಾನೆ' ಅನ್ನುವ ಮಾತು ಬಂದರೆ ಮಾತ್ರ ಕಷ್ಟ. ಕೃಷ್ಣ ಹುಟ್ಟಿದ್ದು ಸೆರೆಮನೆಯಲ್ಲಿ ಅಂತ ಗೊತ್ತಿಲ್ಲದ ಓದುಗನಿಗೆ ಅದು ತಲುಪುವುದಿಲ್ಲ, ಬಿಟ್ಟುಬಿಡಿ.

ಒಂದು ವಿಷಯ ಮಾತ್ರ ದಯವಿಟ್ಟು ನೋಡಿಕೊಳ್ಳಿ. ಕತೆಯಲ್ಲಿರುವವನಿಗೆ ನಿಜವಾಗಲೂ ಶಿಕ್ಷೆ ಆಗಿದೆಯಾ? ಕಾನ್, ಕನ್ವಿಕ್ಟ್, ಲೈಫರ್ ಎಲ್ಲ ತೀರ್ಪು ಬಂದ ಮೇಲಿನ ಪದಗಳು. ಕೇಸು ಇನ್ನೂ ನಡೆಯುತ್ತಿದ್ದರೆ ಅವನು 'ಅಂಡರ್‌ಟ್ರಯಲ್', ಬ್ರಿಟನ್ನಿನವರ ಮಾತಿನಲ್ಲಿ 'ಆನ್ ರಿಮಾಂಡ್'. ಇದು ಸಣ್ಣ ವ್ಯತ್ಯಾಸ ಅಲ್ಲ. 2022ರ ಕೊನೆಗೆ ನಮ್ಮ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣೆಯ ಕೈದಿಗಳೇ. ಅಂದರೆ ನಾಲ್ವರಲ್ಲಿ ಮೂವರಿಗೆ ತೀರ್ಪೇ ಆಗಿರಲಿಲ್ಲ.

ಈ ತಪ್ಪು ನನ್ನ ಕೈಯಿಂದಲೇ ಒಮ್ಮೆ ಆಗಿದೆ. ಮಾಲೂರು ಕಡೆಯ ಒಬ್ಬ ತಾಯಿ ಬಂದಿದ್ದರು. ಒಳಗಿರುವ ಮಗನಿಗೆ ಹುಷಾರಿಲ್ಲ, ಆಸ್ಪತ್ರೆಗೆ ತೋರಿಸಿ ಅಂತ ಅರ್ಜಿ ಆಗಬೇಕಿತ್ತು. ಜೊತೆಗೆ ಪಿಯುಸಿ ಓದುವ ಮಗಳು. ನಾನು ಕೈರೂಢಿಯಲ್ಲಿ 'ಕನ್ವಿಕ್ಟ್' ಅಂತ ಹೊಡೆದುಬಿಟ್ಟೆ. ಆ ಹುಡುಗಿ ಹಾಳೆ ಓದುತ್ತಾ ಬಂದು ಆ ಪದದ ಕೆಳಗೆ ಬೆರಳಿಟ್ಟು ನಿಂತಳು. "ಅಂಕಲ್, ನಮ್ಮಣ್ಣಂಗೆ ಇನ್ನೂ ತೀರ್ಪೇ ಆಗಿಲ್ಲ, ಹಿಂಗ್ಯಾಕೆ ಹಾಕಿದ್ದೀರ?" ಅಂದಳು. ತಾಯಿಗೆ ಇಂಗ್ಲಿಷ್ ಬಾರದು. "ಏನಂತೆ, ಏನ್ ಬರ್ದವ್ರೆ?" ಅಂತ ಮಗಳ ಮುಖ, ನನ್ನ ಮುಖ ನೋಡುತ್ತಿದ್ದರು. ಹುಡುಗಿ ಹೇಳಲಿಲ್ಲ. ನಾನು ಆ ಹಾಳೆ ಹರಿದು ಹೊಸದಾಗಿ ಟೈಪ್ ಮಾಡಿ ಕೊಟ್ಟೆ. ಆವತ್ತಿನಿಂದ ಮೊದಲು ತೀರ್ಪು ಆಗಿದೆಯಾ ಅಂತ ಕೇಳಿಯೇ ಕೀಬೋರ್ಡ್ ಮುಟ್ಟುತ್ತೇನೆ.

ಇನ್ನು, ಪದ ಯಾರ ಬಾಯಲ್ಲಿ ಬರುತ್ತದೆ ಅನ್ನುವುದನ್ನೂ ನೋಡಿ. ಜೊತೆಗಿದ್ದ ಕೈದಿಗಳು 'ಕಾನ್' ಅನ್ನಬಹುದು, ಊರಿನವರು 'ಜೈಲ್‌ಬರ್ಡ್' ಅನ್ನಬಹುದು. ಹೆತ್ತವಳು ಇವೆರಡನ್ನೂ ಅನ್ನುವುದಿಲ್ಲ. ಇಷ್ಟು ವರ್ಷದಲ್ಲಿ ನನ್ನ ಮೇಜಿನ ಮುಂದೆ ಕೂತ ಯಾವ ತಾಯಿಯೂ 'ನನ್ನ ಮಗ ಕೈದಿ' ಅಂದದ್ದು ನಾನು ಕೇಳಿಲ್ಲ. 'ಒಳಗವ್ನೆ ಸಾಮಿ' ಅಂತಾರೆ, ಅಷ್ಟೇ. ಇಂಗ್ಲಿಷಿನಲ್ಲೂ ಅದು ಹಾಗೇ ಇದೆ, 'ಹೀಸ್ ಇನ್‌ಸೈಡ್'. ನಿಮ್ಮ ಕತೆಯಲ್ಲಿ ತಾಯಿ ಮಾತಾಡುವ ಜಾಗದಲ್ಲಿ ಅದನ್ನೇ ಹಾಕಿ.