ಪೂಜೆಯೋ ಪ್ರವಾಸವೋ: ಮೈಸೂರಿನ ಸಹೋದರಿಗೆ ಸಂಪಾದಕರ ಉತ್ತರ

ಮಾನ್ಯ ಸಹೋದರಿಯವರೇ,

ಮೈಸೂರಿನ ಗಾಂಧಿನಗರದಿಂದ ನೀವು ಬರೆದ ಪತ್ರ ತಲುಪಿದೆ. ಹೆಸರು ಪ್ರಕಟಿಸಬಾರದೆಂದು ಕೋರಿದ್ದೀರಿ; ಹಾಗೆಯೇ ಆಗಲಿ. ಇತರ ಓದುಗರಿಗಾಗಿ ನಿಮ್ಮ ಪತ್ರದ ಸಾರವನ್ನು ಇಲ್ಲಿ ಹೇಳುತ್ತೇನೆ. ಕಾರ್ಖಾನೆಯಲ್ಲಿ ದುಡಿಯುವ ನಿಮ್ಮ ಯಜಮಾನರಿಗೆ ವಾರಕ್ಕೆ ಒಂದೇ ರಜೆ. ಆ ದಿನ ಮಕ್ಕಳನ್ನು ಕರೆದುಕೊಂಡು ಊರಾಚೆ ಎಲ್ಲಿಗಾದರೂ ಹೋಗಿಬರಬೇಕೆಂಬುದು ಅವರ ಆಸೆ. ಆದರೆ ಚರ್ಚಿನಲ್ಲಿ ಬೆಳಗಿನ ಪೂಜೆ, ಮಗಳ ಧರ್ಮೋಪದೇಶ ತರಗತಿ, ನಿಮ್ಮ ಗಾಯನವೃಂದದ ಅಭ್ಯಾಸ, ಮಗನ ಯುವಜನರ ಕೂಟ, ಸಂಜೆ ನೆರೆಮನೆಗಳವರ ಕಿರು ಸಮುದಾಯದ ಪ್ರಾರ್ಥನೆ ಇಷ್ಟೂ ಮುಗಿಯುವ ಹೊತ್ತಿಗೆ ಭಾನುವಾರವೂ ಮುಗಿದಿರುತ್ತದೆ. ತಿರುಗಾಟಕ್ಕಾಗಿ ಚರ್ಚನ್ನು ತಪ್ಪಿಸುವುದು ಪಾಪವೆಂದು ಅತ್ತೆಯವರು ಹೇಳುತ್ತಾರೆ. ಎರಡರಲ್ಲಿ ಯಾವುದನ್ನು ಬಿಡಬೇಕೆಂದು ನೀವು ಕೇಳಿದ್ದೀರಿ.

ಪತ್ರದ ಕೊನೆಯಲ್ಲಿ, ಬಹುಶಃ ಅಷ್ಟೇನೂ ಮುಖ್ಯವಲ್ಲವೆಂದು ಭಾವಿಸಿ, ಹದಿನಾಲ್ಕು ವರ್ಷದ ಮಗ ಆಡಿದ ಒಂದು ಮಾತನ್ನು ನೀವು ಸೇರಿಸಿದ್ದೀರಿ. "ಅಮ್ಮಾ, ನಾವೆಲ್ಲ ಚರ್ಚಿಗೆ ಹೋಗ್ತೀವಿ ಸರಿ, ಒಂದೇ ಬೆಂಚಲ್ಲಿ ಕೂತು ಎಷ್ಟು ದಿನ ಆಯ್ತು?" ನನ್ನ ಮಟ್ಟಿಗೆ ಇಡೀ ಪತ್ರದ ತಿರುಳು ಇದೇ. ನೀವು ಮೇಲೆ ಗಾಯನವೃಂದದ ಜೊತೆ, ಯಜಮಾನರು ಬಾಗಿಲ ಬಳಿ ಸ್ವಯಂಸೇವಕರ ಜೊತೆ, ಮಗ ಯುವಕರ ಸಾಲಿನಲ್ಲಿ, ಮಗಳು ಪುಟ್ಟ ಮಕ್ಕಳ ಸಾಲಿನಲ್ಲಿ, ಅತ್ತೆಯವರು ಮುಂದಿನ ಬೆಂಚಿನಲ್ಲಿ. ಐವರೂ ಒಂದೇ ಚಾವಣಿಯ ಕೆಳಗಿದ್ದು ಐದು ಕಡೆ ಹಂಚಿಹೋಗಿದ್ದೀರಿ. ಹುಡುಗ ಬೇಸರಪಟ್ಟಿರುವುದು ಪೂಜೆಯ ಬಗ್ಗೆ ಅಲ್ಲವೆಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ಮೊದಲು ಅತ್ತೆಯವರ ಆತಂಕಕ್ಕೆ ಉತ್ತರಿಸುತ್ತೇನೆ, ಏಕೆಂದರೆ ಆ ಹಿರಿಯರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಭಾನುವಾರದ ಪೂಜೆಯಲ್ಲಿ ಪಾಲ್ಗೊಳ್ಳುವುದು ಕಥೋಲಿಕರಿಗೆ ಕರ್ತವ್ಯವೇ ಸರಿ. ಆದರೆ 1983ರಲ್ಲಿ ಜಾರಿಗೆ ಬಂದ ಧರ್ಮಸಭೆಯ ಕಾನೂನು ಸಂಹಿತೆಯ 1247ನೇ ವಿಧಿಯು ಪೂಜೆಯ ಕರ್ತವ್ಯವನ್ನು ಹೇಳಿದ ಉಸಿರಿನಲ್ಲೇ, ಪ್ರಭುವಿನ ದಿನದ ಸಂತೋಷಕ್ಕೂ ಮನಸ್ಸು ಮತ್ತು ದೇಹದ ವಿಶ್ರಾಂತಿಗೂ ಅಡ್ಡಿಯಾಗುವ ಕೆಲಸಗಳನ್ನು ಅಂದು ದೂರವಿಡಬೇಕೆಂದೂ ಹೇಳುತ್ತದೆ. ಮುಂದಿನ 1248ನೇ ವಿಧಿಯ ಪ್ರಕಾರ ಹಿಂದಿನ ದಿನದ ಸಂಜೆ ಪೂಜೆಯಲ್ಲಿ ಪಾಲ್ಗೊಂಡರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ಈ ಎರಡು ವಿಧಿಗಳನ್ನು ನಿಮ್ಮ ಧರ್ಮಕೇಂದ್ರದ ಗುರುಗಳ ಬಾಯಿಂದಲೇ ಅತ್ತೆಯವರಿಗೆ ಹೇಳಿಸಿ. ನೀವಾಗಲಿ ಯಜಮಾನರಾಗಲಿ ಹೇಳಿದರೆ ಅದು ವಾದವಾಗುತ್ತದೆ. ಫಾದರ್ ಹೇಳಿದರೆ ಅವರ ಮನಸ್ಸಿಗೂ ಸಮಾಧಾನವಾಗುತ್ತದೆ.

ಆದ್ದರಿಂದ ಪೂಜೆಯನ್ನು ಬಿಡಬೇಡಿ. ತಿಂಗಳಿಗೊಂದು ಶನಿವಾರ ಐವರೂ ಸಂಜೆಯ ಪೂಜೆಗೆ ಹೋಗಿ, ಒಂದೇ ಬೆಂಚಿನಲ್ಲಿ ಕುಳಿತುಕೊಳ್ಳಿ. ಮರುದಿನದ ಅಭ್ಯಾಸಕ್ಕೂ ಕೂಟಕ್ಕೂ ಬರಲಾಗುವುದಿಲ್ಲವೆಂದು ಮೊದಲೇ ತಿಳಿಸಿಬಿಡಿ. ಮಗಳ ತರಗತಿಯ ವಿಷಯವನ್ನು ಮಾತ್ರ ಅವಳ ಉಪದೇಶಿಗಳೊಂದಿಗೆ ಮಾತನಾಡಿ ತೀರ್ಮಾನಿಸಿ. ಹೊಸ ಪರಮಪ್ರಸಾದದ, ಅಂದರೆ ಮೊದಲ ಬಾರಿ ಪರಮಪ್ರಸಾದ ಸ್ವೀಕರಿಸುವ, ಸಿದ್ಧತೆ ನಡೆಯುತ್ತಿದ್ದರೆ ಆ ಪಾಠ ತಪ್ಪಬಾರದು. ಇದರಲ್ಲಿ ಧರ್ಮಕೇಂದ್ರಗಳನ್ನು ನಡೆಸುವ ನಮ್ಮ ಪಾಲಿನ ತಪ್ಪೂ ಇದೆಯೆಂದು ಒಪ್ಪಿಕೊಳ್ಳಬೇಕು. ಮಹಿಳೆಯರಿಗೊಂದು, ಯುವಕರಿಗೊಂದು, ಮಕ್ಕಳಿಗೊಂದು ಎಂದು ಕೂಟಗಳನ್ನು ಕಟ್ಟುತ್ತಲೇ ಹೋದೆವು. ಇಡೀ ಮನೆಯವರು ಜೊತೆಯಾಗಿ ಮಾಡುವಂಥ ಕೆಲಸಗಳನ್ನು ಅಷ್ಟೇ ಆಸ್ಥೆಯಿಂದ ರೂಪಿಸಲಿಲ್ಲ.

ಅಂಥ ಕೆಲಸಗಳು ನಮ್ಮಲ್ಲಿ ಮೊದಲಿನಿಂದಲೂ ಇದ್ದವು. ಕೆ.ಆರ್. ನಗರದ ಬಳಿಯ ಡೋರನಹಳ್ಳಿಯ ಸಂತ ಅಂತೋನಿಯವರ ಹಬ್ಬಕ್ಕೆ, ಜೂನ್ 13ಕ್ಕೆ, ನಮ್ಮ ತಂದೆ ನಮ್ಮನ್ನೆಲ್ಲ ಹೊರಡಿಸುತ್ತಿದ್ದರು. ಕೆ.ಆರ್. ನಗರದಲ್ಲಿ ಇಳಿದು ಅಲ್ಲಿಂದ ನಡಿಗೆ. ಮೊದಲ ಮಳೆಗೆ ನೆನೆದ ದಾರಿಯ ಕೆಸರು ಅಂಟುತ್ತದೆಂದು ಚಪ್ಪಲಿಗಳನ್ನು ಕೈಯಲ್ಲಿ ಹಿಡಿದಿರುತ್ತಿದ್ದೆವು. ಅಮ್ಮನ ಬುಟ್ಟಿಯಲ್ಲಿ ಬಾಳೆಎಲೆಯಲ್ಲಿ ಕಟ್ಟಿದ ಚಿತ್ರಾನ್ನ. ದಾರಿಬದಿಯ ಹೊಲದಲ್ಲಿ ಆಗಷ್ಟೇ ಎಳೆದ ನೇಗಿಲ ಸಾಲನ್ನು ಕಂಡರೆ ತಂದೆ ನಿಂತುಬಿಡುವರು. ಉಳುತ್ತಿದ್ದ ರೈತನಿಗೆ ಮಣ್ಣಿನಲ್ಲಿ ಸಂತರ ಮರದ ಪ್ರತಿಮೆ ಸಿಕ್ಕಿದ್ದು, ಅವನು ಅದನ್ನು ಬೊಂಬೆಯೆಂದುಕೊಂಡು ಮಕ್ಕಳ ಕೈಗೆ ಕೊಟ್ಟದ್ದು, ಆ ಕಥೆಯನ್ನು ಪ್ರತಿ ವರ್ಷವೂ ಅಲ್ಲೇ ನಿಂತು ಹೇಳುತ್ತಿದ್ದರು. ಆ ಗುಡಿ 2019ರಲ್ಲಿ ವಿಶೇಷ ಮಹತ್ವದ ಚರ್ಚುಗಳಿಗೆ ಪೋಪರು ಕೊಡುವ ಬಸಿಲಿಕದ ಪದವಿಗೆ ಏರಿತು. ಬೇರೆ ಧರ್ಮದವರೂ ಹರಕೆ ಹೊತ್ತು ಇಂದಿಗೂ ಅಲ್ಲಿಗೆ ಬರುತ್ತಾರೆ. ಅದು ಯಾತ್ರೆಯೋ ವಿಹಾರವೋ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ.

ಯಜಮಾನರ ಆಸೆಗೆ ನನ್ನ ಸಲಹೆ ಕೊಕ್ಕರೆ ಬೆಳ್ಳೂರು. ರಂಗನತಿಟ್ಟು ಹತ್ತಿರವಿದೆ, 1940ರಿಂದ ರಕ್ಷಿತ ಪಕ್ಷಿಧಾಮವಾಗಿದೆ, ದೋಣಿ ಹತ್ತುವ ಮಕ್ಕಳಿಗೆ ಅದೂ ಚೆನ್ನ. ಆದರೆ ಮಂಡಿನೋವಿರುವ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಹೋಗುವುದು ನನಗೆ ಒಪ್ಪಿಗೆಯಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ, ಆಲದ ಮರಗಳ ಮೇಲೆಯೇ ಗೂಡು ಕಟ್ಟುತ್ತವೆ. ಫೆಬ್ರುವರಿ, ಮಾರ್ಚ್ ತಿಂಗಳಲ್ಲಿ ಹೋದರೆ ಯಾವುದಾದರೂ ಜಗಲಿಯ ಮೇಲೆ ಕುಳಿತೇ ಎಲ್ಲವನ್ನೂ ನೋಡಬಹುದು: ಚೀಲದಂಥ ಕೊಕ್ಕಿನೊಳಗೆ ಕತ್ತನ್ನೇ ತೂರಿಸಿ ಮೀನು ತಿನ್ನುವ ಮರಿ, ಗೂಡಿಗೆ ಕಡ್ಡಿ ತರುವ ಹಕ್ಕಿ, ಹಿಕ್ಕೆ ಬಿದ್ದು ಬೆಳ್ಳಗಾದ ಎಲೆಗಳು. ತವರಿಗೆ ಬಾಣಂತನಕ್ಕೆ ಬಂದ ಹೆಣ್ಣುಮಕ್ಕಳೆಂದು ಆ ಊರಿನವರು ಈ ಹಕ್ಕಿಗಳನ್ನು ಭಾವಿಸುತ್ತಾರೆ. ಹಿಕ್ಕೆಯನ್ನು ಹೊಲಕ್ಕೆ ಗೊಬ್ಬರವಾಗಿ ಬಳಸುತ್ತಾರೆ. ಮಕ್ಕಳಿಗೆ ಇದನ್ನೆಲ್ಲ ವಿವರಿಸಿ ಹೇಳಲು ನಮಗಿಂತ ಅತ್ತೆಯವರೇ ಸರಿಯಾದವರು.

ಪ್ರತಿಬಾರಿಯೂ ದೂರ ಹೋಗಬೇಕೆಂದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ನಮ್ಮೂರಿನಲ್ಲೇ ಇದೆ. ಡಿಸೆಂಬರಿನಲ್ಲಿ ಕ್ರಿಸ್ಮಸ್ ಗೋದಲಿ ಕಟ್ಟುವ ಕೆಲಸವನ್ನು ಅಪ್ಪ ಮಗನಿಗೆ ವಹಿಸಿಬಿಡಿ. ಹಬ್ಬಕ್ಕೆ ಹತ್ತು ಹನ್ನೆರಡು ದಿನ ಮುಂಚೆ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಿದರೆ ಕಂದ ಯೇಸುವಿನ ಸುತ್ತ ಇಡಲು ಹಸಿರು ಪೈರು ಸಿದ್ಧವಾಗುತ್ತದೆ. ಆ ಮಣ್ಣಿಗೆಂದೇ ಇಬ್ಬರೂ ಪರಿಚಯದವರ ಹೊಲಕ್ಕೆ ಹೋಗಿಬರಲಿ.

ಕೊನೆಯದಾಗಿ, ಬರುವ ಆಗಸ್ಟಿನಲ್ಲಿ ಧರ್ಮಕೇಂದ್ರದ ಮಕ್ಕಳೆಲ್ಲರನ್ನೂ ಕಾವೇರಿ ದಡದ ಬಲಮುರಿಗೆ ಕರೆದೊಯ್ಯುವ ಯೋಜನೆಯಿದೆಯೆಂದು ಬರೆದಿದ್ದೀರಿ. ದಯವಿಟ್ಟು ಅದನ್ನು ಮುಂದೂಡಿಸಿ. ಮಳೆಗಾಲದಲ್ಲಿ ಕನ್ನಂಬಾಡಿ ಕಟ್ಟೆಯಿಂದ ನೀರು ಬಿಟ್ಟರೆ ಅಲ್ಲಿ ಹರಿವು ಏರುತ್ತದೆ, ಪಾಚಿ ಕಟ್ಟಿದ ಕಲ್ಲುಗಳು ಜಾರುತ್ತವೆ, ಈಜು ಬಲ್ಲವರೇ ಅಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಬೇಸಿಗೆಯಲ್ಲಿ ಹೋದರೂ ಮಕ್ಕಳನ್ನು ನೀರಿಗೆ ಇಳಿಸದೆ ದಡದಲ್ಲೇ ಬುತ್ತಿ ಬಿಚ್ಚಿ. ಈ ಮಾತನ್ನು ಪಾಲನಾ ಸಮಿತಿಯ ಮುಂದಿನ ಸಭೆಯಲ್ಲಿ ಯಜಮಾನರೇ ಎದ್ದುನಿಂತು ಹೇಳಲಿ. ಬೇಕಾದರೆ ಈ ಪುಟವನ್ನು ಅವರ ಕೈಯಲ್ಲಿ ಕೊಟ್ಟು ಕಳಿಸಿ.

ಇಂತಿ,
ಸಂಪಾದಕ